ಕೆಳಗಿಳಿಸಿ ಮತ್ತೆ ಏರಿಸಿದ ಚಿತ್ರ

2025ರ ಫೆಬ್ರವರಿಯಲ್ಲಿ ಇಂಡಿಯಾ ಆರ್ಟ್ ಫೇರ್ ನೋಡಲೆಂದು ದೆಹಲಿಯ ಓಖ್ಲಾಕ್ಕೆ ಹೋಗಿದ್ದೆ. ಫೆಲೋಶಿಪ್ ಹಣದಲ್ಲಿ ಬದುಕುವ ನನ್ನಂಥ ಸಂಶೋಧನಾ ವಿದ್ಯಾರ್ಥಿ ಅಲ್ಲಿ ಏನನ್ನೂ ಕೊಳ್ಳುವ ಮಾತಿಲ್ಲ. ನೋಡುವುದಕ್ಕೆ ಮಾತ್ರ ಬೇಕಾದಷ್ಟಿತ್ತು. ನ್ಯೂಯಾರ್ಕಿನ ಡೇವಿಡ್ ಝ್ವಿರ್ನರ್, ಲಂಡನ್ನಿನ ಲಿಸನ್ ಗ್ಯಾಲರಿಗಳೂ ಮಳಿಗೆ ಹಾಕಿದ್ದವು. 2008ರಲ್ಲಿ ಪ್ರಗತಿ ಮೈದಾನದಲ್ಲಿ ‘ಇಂಡಿಯಾ ಆರ್ಟ್ ಸಮಿಟ್’ ಎಂಬ ಹೆಸರಿನಲ್ಲಿ 34 ಗ್ಯಾಲರಿಗಳೊಂದಿಗೆ ಶುರುವಾದ ಮೇಳವಿದು. ಹದಿನಾರನೆಯ ಆವೃತ್ತಿಯ ಹೊತ್ತಿಗೆ ಪ್ರದರ್ಶಕರ ಸಂಖ್ಯೆ 120ಕ್ಕೆ ಮುಟ್ಟಿತ್ತು.

ಇದನ್ನೇ ನಾವು ಅಂತರರಾಷ್ಟ್ರೀಯ ಮನ್ನಣೆ ಎನ್ನುತ್ತೇವೆ. ಆದರೆ ಈ ಮನ್ನಣೆಯನ್ನು ಅಳೆಯುವುದು ಹೇಗೆ?

ಆರ್ಟ್ ಬಾಸೆಲ್ ಮೇಳದ ಒಡೆತನವಿರುವ ಸ್ವಿಸ್ ಸಂಸ್ಥೆ ಎಂಸಿಎಚ್ 2016ರಲ್ಲಿ ಇದರ ಬಹುಪಾಲು ಷೇರನ್ನು ಕೊಂಡಿತು. ಬಾಸೆಲ್‌ನ ಮೊಹರು ಬಿದ್ದಂತಾಯಿತು. ಎರಡೇ ವರ್ಷದಲ್ಲಿ ಅದೇ ಸಂಸ್ಥೆ ಪ್ರಾದೇಶಿಕ ಮೇಳಗಳಿಂದ ಕೈತೊಳೆದುಕೊಳ್ಳುವುದಾಗಿ ಘೋಷಿಸಿತು. 2019ರಲ್ಲಿ ಬ್ರಿಟನ್ನಿನ ಆಂಗಸ್ ಮಾಂಟ್ಗೊಮರಿ ಒಡೆತನ ವಹಿಸಿಕೊಂಡಿತು. ಇಷ್ಟಾದರೂ ಮೇಳ ನಿಲ್ಲಲಿಲ್ಲ. ಅದನ್ನು ಉಳಿಸಿದ್ದು ಇಲ್ಲಿನ ಗ್ಯಾಲರಿಗಳು ಮತ್ತು ಇಲ್ಲಿನ ಕೊಳ್ಳುಗರು ಎಂದೇ ನನ್ನ ಅನಿಸಿಕೆ. ಹೊರಗಿನವರು ಒತ್ತಿದ ಮೊಹರನ್ನು ಅವರೇ ಅಳಿಸಬಲ್ಲರು.

ಹಾಗಾಗಿ ನನಗೆ 2016ಕ್ಕಿಂತ 2011 ಮುಖ್ಯವೆನಿಸುತ್ತದೆ. 2008ರ ಮೊದಲ ಮೇಳದಲ್ಲಿ ದಾಳಿಯ ಭಯದಿಂದ ಎಂ.ಎಫ್. ಹುಸೇನ್ ಅವರ ಚಿತ್ರಗಳನ್ನೇ ಇಡಲಿಲ್ಲ. ಅದನ್ನು ಪ್ರತಿಭಟಿಸಿ ಸಹಮತ್ ಏರ್ಪಡಿಸಿದ ಪ್ರದರ್ಶನದ ಮೇಲೂ ದಾಳಿ ನಡೆಯಿತು. 2009ರಲ್ಲೂ ಹುಸೇನ್ ಇರಲಿಲ್ಲ. 2011ರ ಜನವರಿಯಲ್ಲಿ ಅವರ ಚಿತ್ರಗಳು ಗೋಡೆ ಏರಿದವು. ಬೆದರಿಕೆ ಬಂತು, ಕೆಳಗಿಳಿದವು. ರಕ್ಷಣೆಯ ಭರವಸೆ ಸಿಕ್ಕ ಮೇಲೆ ಮತ್ತೆ ಏರಿದವು. ಅಷ್ಟರಲ್ಲಿ ಹುಸೇನ್ ಕತಾರಿನ ಪ್ರಜೆಯಾಗಿದ್ದರು. ಅದೇ ವರ್ಷ ಜೂನ್‌ನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

“ಸಂತೆಗೆ ಬಂದವರ ಹತ್ತಿರ ಧೈರ್ಯ ಕೇಳ್ತೀಯಲ್ಲ ಮಾರಾಯ” ಎಂದು ಗೆಳೆಯನೊಬ್ಬ ನಕ್ಕ. ಅವನ ಮಾತಲ್ಲಿ ಹುರುಳಿದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆ ತನ್ನ ಹೆಸರಿನಲ್ಲೇ ಸಂತೆ ಎಂದು ಒಪ್ಪಿಕೊಂಡಿದೆ. ಕಲಾವಿದರೇ ಚಿತ್ರದ ಪಕ್ಕ ನಿಂತು ಚೌಕಾಸಿಗೆ ಉತ್ತರ ಕೊಡುತ್ತಾರೆ. ದೆಹಲಿಯ ಮೇಳವೋ ಸಂವಾದ ನಡೆಸುತ್ತದೆ, ಒಂದು ದೇಶದ ಹೆಸರನ್ನು ಹೊತ್ತಿದೆ. ಬರೀ ಸಂತೆಗಿಂತ ಹೆಚ್ಚಿನದೆಂದು ಹೇಳಿಕೊಂಡ ಮೇಲೆ ಹೆಚ್ಚಿನ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ.

ಆ ಪ್ರಶ್ನೆ ಹಳತಾಗಿಲ್ಲ. 2025ರ ಜನವರಿಯಲ್ಲಿ, ಮೇಳಕ್ಕೆ ಕೆಲವೇ ದಿನ ಮುಂಚೆ, ದೆಹಲಿಯ ಗ್ಯಾಲರಿಯೊಂದು ಪ್ರದರ್ಶಿಸಿದ್ದ ಹುಸೇನರ ಎರಡು ಚಿತ್ರಗಳನ್ನು ವಶಪಡಿಸಿಕೊಳ್ಳಲು ನ್ಯಾಯಾಲಯ ಆದೇಶಿಸಿತು. ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಅವರ 1954ರ ‘ಗ್ರಾಮ ಯಾತ್ರಾ’ 1.3 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಎರಡು ಸುದ್ದಿಗಳ ನಡುವೆ ಎರಡು ತಿಂಗಳ ಅಂತರ. ಬೆಲೆ ಏರಿತೆಂದ ಮಾತ್ರಕ್ಕೆ ಚಿತ್ರಕ್ಕೆ ನೆಲೆ ಸಿಗುವುದಿಲ್ಲ.

ಕಲೆಯ ಬಗ್ಗೆ ಬರೆಯುವ ನಾವು ಮೇಳ ಮುಗಿದ ಮೇಲೆ ಎಷ್ಟು ದೇಶದವರು ಬಂದರು, ಎಷ್ಟು ಮಾರಾಟವಾಯಿತು ಎಂದು ಎಣಿಸುತ್ತೇವೆ. ಬೆದರಿಕೆ ಬಂದಾಗ ಯಾವ ಚಿತ್ರ ಇಳಿಯಿತು, ಯಾವುದು ಮತ್ತೆ ಏರಿತು ಎಂಬ ಲೆಕ್ಕವನ್ನೂ ಇಡಬೇಕು. ಮನ್ನಣೆಯ ಪ್ರಶ್ನೆಗೆ ನನಗೆ ಸದ್ಯ ಹೊಳೆಯುವ ಅಳತೆಗೋಲು ಅದೇ.