ಸರಾಸರಿಯೂ ಅಪವಾದವೂ

ಸಾಹಿತ್ಯವಿಚಾರದಲ್ಲಿ ಎಣಿಕೆಯ ಬಳಕೆ ಹೆಚ್ಚುತ್ತಿರುವುದು ಸಂತೋಷದ ವಿಷಯವೇ ಸರಿ. ಪದ್ಯಗಳ ಎಣಿಕೆ, ಮಾತ್ರೆಗಳ ಎಣಿಕೆ, ಊರೂರಿನಲ್ಲಿ ದೊರೆತ ಹಾಡುಗಳ ಎಣಿಕೆ, ಇವೆಲ್ಲವೂ ವಿಚಾರಕ್ಕೆ ನೆಲೆಗಟ್ಟನ್ನು ಒದಗಿಸುವುವು. ಆದರೆ ಎಣಿಸಿದುದನ್ನೆಲ್ಲ ಒಂದೇ ಅಂಕದಲ್ಲಿ ಅಡಕಗೊಳಿಸುವಾಗ ವಿದ್ವಾಂಸರು ಬಹುಮಟ್ಟಿಗೆ ಸರಾಸರಿಯನ್ನೇ ಆಶ್ರಯಿಸುವರು. ಆ ಆಶ್ರಯವು ಎಲ್ಲೆಡೆಯಲ್ಲಿಯೂ ನಿರ್ಬಾಧವಾದುದಲ್ಲ.

ಭಾಮಿನೀಷಟ್ಪದಿಯನ್ನು ಮೊದಲು ನೋಡಬಹುದು. ಅದರ 1, 2, 4, 5ನೆಯ ಪಾದಗಳಲ್ಲಿ 14 ಮಾತ್ರೆಗಳೂ 3, 6ನೆಯ ಪಾದಗಳಲ್ಲಿ 23 ಮಾತ್ರೆಗಳೂ ಇರುವುದು ಛಂದಸ್ಸನ್ನು ಓದಿದವರಿಗೆಲ್ಲ ವಿದಿತವೇ ಆಗಿದೆ. ಒಟ್ಟು 102, ಆರರಿಂದ ಭಾಗಿಸಿದರೆ ಸರಾಸರಿ 17. ಹದಿನೇಳು ಮಾತ್ರೆಗಳ ಪಾದವಾದರೋ ಭಾಮಿನಿಯ ಲಕ್ಷಣದಲ್ಲಿ ಒಂದೂ ಇಲ್ಲ! ಅಂಕಗಳನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು, ಎಂದರೆ ಮಧ್ಯಾಂಕವನ್ನು, ಹಿಡಿದರೆ 14 ದೊರೆಯುವುದು. ಅದು ನಾಲ್ಕು ಪಾದಗಳ ನಿಜವಾದ ಅಳತೆ. ಆದರೂ ಅದೊಂದನ್ನೇ ಹೇಳಿ ನಿಲ್ಲಿಸಿದರೆ ಷಟ್ಪದಿಯ ಲಕ್ಷಣವನ್ನು ಹೇಳಿದಂತಾಗದು. ನೀಳವಾದ ಆ ಎರಡು ಪಾದಗಳಿಂದಲೇ ಅದು ಷಟ್ಪದಿ.

ಇದೇ ತೊಡಕು ಜನಪದ ಗೀತಸಂಗ್ರಹದಲ್ಲಿ ಹೆಚ್ಚು ಗುರುತರವಾಗುವುದು. ಅಂಕೋಲೆ ತಾಲೂಕಿನ ಅಗಸೂರಿನಂಥ ಒಂದು ಗ್ರಾಮದಲ್ಲಿ ಹತ್ತು ಮಂದಿ ಗಾಯಕಿಯರಿಂದ ಹಾಡುಗಳನ್ನು ಬರೆದುಕೊಂಡರೆಂದು ಊಹಿಸೋಣ. ಒಂಬತ್ತು ಮಂದಿಯಿಂದ ಕ್ರಮವಾಗಿ 3, 4, 4, 5, 5, 5, 6, 6, 7, ಹತ್ತನೆಯವಳೊಬ್ಬಳಿಂದಲೇ 105. ಒಟ್ಟು 150, ಸರಾಸರಿ 15. ಆದರೆ ಹದಿನೈದು ಹಾಡುಗಳನ್ನಾಗಲಿ ಅದರ ಸಮೀಪದಷ್ಟನ್ನಾಗಲಿ ಬಲ್ಲವಳು ಅಲ್ಲಿ ಒಬ್ಬಳೂ ಇಲ್ಲ. ಮಧ್ಯಾಂಕವು 5 ಮಾತ್ರ. ಹರವಿನ ಅಳತೆಗಳಿಗೂ ಇದೇ ಗತಿ. ಹತ್ತನೆಯವಳನ್ನು ಬಿಟ್ಟರೆ ಕನಿಷ್ಠಗರಿಷ್ಠಗಳ ಅಂತರ 4, ಸೇರಿಸಿದರೆ 102. ಮಾನಕ ವಿಚಲನೆಯು ಒಂದಕ್ಕಿಂತ ತುಸು ಹೆಚ್ಚಾಗಿದ್ದುದು ಸುಮಾರು 30ಕ್ಕೆ ಏರುವುದು. ವ್ಯತ್ಯಾಸಗಳನ್ನು ವರ್ಗಗೊಳಿಸಿ ಕೂಡುವುದರಿಂದ ದೂರದ ಒಂದು ಅಂಕವೇ ಇತರ ಎಲ್ಲವನ್ನೂ ನುಂಗಿಬಿಡುವುದು. ನಡುವಣ ಅರ್ಧಭಾಗದ ಹರವನ್ನು ಮಾತ್ರ ಅಳೆದರೆ, 4ರಿಂದ 6ರವರೆಗೆ, ಅಂತರ 2, ಅದು ಕದಲುವುದಿಲ್ಲ.

ಹಾಗಾದರೆ ಸರಾಸರಿಯು ತ್ಯಾಜ್ಯವೇ? ಅಲ್ಲ. ಭಾಸ್ಕರಾಚಾರ್ಯನು ಲೀಲಾವತಿಯ ಖಾತವ್ಯವಹಾರದಲ್ಲಿ ಏರುತಗ್ಗಾದ ಗುಂಡಿಯನ್ನು ಹಲವು ಕಡೆ ಅಳೆದು, ಕೂಡಿಸಿ, ಅಳೆದ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿ ಸಮಮಿತಿಯನ್ನು ಪಡೆಯಬೇಕೆಂದು ವಿಧಿಸಿದನು. ಅಲ್ಲಿ ಬೇಕಾದುದು ಒಟ್ಟು ಘನಫಲ. ಆದುದರಿಂದ ಸಮಮಿತಿಯು ಯುಕ್ತವೇ. ಇಲ್ಲಿ ಕೇಳುವುದು ಸಾಮಾನ್ಯ ಗಾಯಕಿಯೊಬ್ಬಳ ನೆನಪಿನಲ್ಲಿ ಎಷ್ಟು ಉಳಿದಿದೆಯೆಂಬುದನ್ನು. ಒಬ್ಬಿಬ್ಬರ ಕೈಯಲ್ಲಿ ಕೊಡೆಯಿದ್ದರೆ ಗುಂಪನ್ನೆಲ್ಲ ಕೊಡೆಯವರೆಂದು ಕರೆಯುವ ಛತ್ರಿನ್ಯಾಯವು ಮಾತಿಗೆ ಒಪ್ಪಬಹುದು; ಮಳೆ ಬಂದಾಗ ನೆನೆಯುವವರು ಉಳಿದವರೇ.

105ನ್ನು ಅಸಂಗತವೆಂದು ಹೊಡೆದುಹಾಕುವುದು ಇನ್ನೊಂದು ದೋಷ. ಅದು 15ಕ್ಕೆ ಬದಲಾಗಿ ಬಿದ್ದ ಲೇಖನಪ್ರಮಾದವೇ ಎಂದು ಮೊದಲು ಪರೀಕ್ಷಿಸಬೇಕು, ಪ್ರಮಾದವಲ್ಲದಿದ್ದರೆ ಉಳಿಸಿಕೊಳ್ಳಬೇಕು. ವಿಲಕ್ಷಣವೆಂಬ ಒಂದೇ ಕಾರಣಕ್ಕೆ ಪಾಠಾಂತರವನ್ನು ತಳ್ಳಿಹಾಕುವ ಸಂಪಾದಕನು ಎಷ್ಟೋ ವೇಳೆ ಮೂಲಪಾಠವನ್ನೇ ಕಳೆದುಕೊಳ್ಳುವನು.

ಇದು ಬರಿಯ ಗಣಿತವಿಚಾರವಲ್ಲ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳಿಗೆ ಕಣಜವೆನಿಸಿದ್ದವರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, 2025ರ ಫೆಬ್ರವರಿಯಲ್ಲಿ ನಿಧನ ಹೊಂದಿದರು. ಅಂಥವರನ್ನು ಸರಾಸರಿಯಲ್ಲಿ ಕರಗಿಸಿದರೆ ಮನೆಮನೆಯಲ್ಲಿಯೂ ಹಾಡು ತುಂಬಿದೆಯೆಂಬ ಭ್ರಾಂತಿ ಹುಟ್ಟುವುದು. ಲೆಕ್ಕದಿಂದ ಬಿಟ್ಟರೆ ಸಂಪತ್ತೇ ಕಾಣದಾಗುವುದು. ಮೇಲಿನ ಉದಾಹರಣೆಯಲ್ಲಿ ಹತ್ತನೆಯವಳು ತೀರಿಕೊಂಡ ದಿನ ಊರಿನ ಹಾಡುಗಳು 150ರಿಂದ 45ಕ್ಕೆ ಇಳಿಯುವುವು. ಮಧ್ಯಾಂಕವಾದರೋ 5 ಆಗಿಯೇ ನಿಲ್ಲುವುದು. ಆ ನಷ್ಟವನ್ನು ಮಧ್ಯಾಂಕವೂ ಹೇಳಲಾರದು. ಅದು ಬರುವ ಮುನ್ನ ಸರಾಸರಿಯೂ ಎಚ್ಚರಿಸಲಾರದು.

ವ್ಯಾಕರಣದಲ್ಲಿ ಉತ್ಸರ್ಗವನ್ನು ಹೇಳಿ ಅಪವಾದವನ್ನು ಬೇರೆಯಾಗಿ ವಿಧಿಸುವರು. ಎರಡನ್ನೂ ಬೆರೆಸಿ ಮೂರನೆಯದೊಂದು ಸೂತ್ರವನ್ನು ಕಟ್ಟುವುದಿಲ್ಲ. ಎಣಿಕೆಯಲ್ಲಿಯೂ ಅದೇ ಮಾರ್ಗವು ಶ್ರೇಯಸ್ಕರ: ಸಾಮಾನ್ಯಕ್ಕೆ ಮಧ್ಯಾಂಕ, ಒಟ್ಟಿಗೆ ಸರಾಸರಿ, ಅಪವಾದಕ್ಕೆ ಅದರದೇ ಹೆಸರು.