ಮೇಣದಲ್ಲಿ ಮೂಡದ ನೋವು

ಬುಧವಾರ ಬಂತೆಂದರೆ ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ ನೊವೆನಾ. ಸಾಲಿನಲ್ಲಿ ಕ್ಯಾಥೊಲಿಕರಷ್ಟೇ ಅಲ್ಲ, ಬೇರೆ ಧರ್ಮದವರೂ ನಿಲ್ಲುತ್ತಾರೆ. ಹೊರಗೆ ಮಾರಾಟಕ್ಕೆ ಮೇಣದ ಕೈ, ಕಾಲು, ಮಗು, ಮನೆ. ಕಾಲು ನೋವಿದ್ದವರು ಮೇಣದ ಕಾಲನ್ನು ಒಪ್ಪಿಸಿ ಹರಕೆ ತೀರಿಸುತ್ತಾರೆ. ಮನಸ್ಸು ನೊಂದವರು ಯಾವ ಆಕಾರವನ್ನು ಒಪ್ಪಿಸಬೇಕು? ಜೆರ್ರಿ ಪಿಂಟೊ ಅವರ 'ಎಮ್ ಆ್ಯಂಡ್ ದ ಬಿಗ್ ಹೂಮ್' ಓದುವಾಗ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು.

2012ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ, 2016ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಅದೇ ಮಾಹಿಮ್‌ನ ಸಣ್ಣ ಫ್ಲ್ಯಾಟೊಂದರ ಕಥೆ. ಗೋವಾ ಮೂಲದ ಕ್ಯಾಥೊಲಿಕ್ ಕುಟುಂಬ. ತಾಯಿ ಇಮೆಲ್ಡಾ ಮಕ್ಕಳ ಬಾಯಲ್ಲಿ ಎಮ್; ತಂದೆ ಆಗಸ್ಟೀನ್, ಬಿಗ್ ಹೂಮ್. ಮಗಳು ಸೂಸನ್. ಕಥೆ ಹೇಳುವ ಮಗನಿಗೆ ಹೆಸರಿಲ್ಲ. ಎಮ್‌ಗೆ ಉನ್ಮಾದ, ಖಿನ್ನತೆ ಎರಡರ ನಡುವೆ ತೂಗುವ ಕಾಯಿಲೆ. ಬೀಡಿ ಸೇದುತ್ತಾ ಪೋಲಿ ಮಾತಾಡಿ ನಗಿಸುವ ಆಕೆ, ಇನ್ನೊಂದು ದಿನ ಸಾಯಲು ಹೊರಡುತ್ತಾಳೆ. ಮನೆಯಷ್ಟೇ ಪರಿಚಿತವಾದ ಇನ್ನೊಂದು ಜಾಗ, ಜೆ.ಜೆ. ಆಸ್ಪತ್ರೆಯ 33ನೇ ವಾರ್ಡು.

ಕಾಯಿಲೆಯ ಕಥೆಗಳು ಸಾಮಾನ್ಯವಾಗಿ ಎರಡು ಹಾದಿ ಹಿಡಿಯುತ್ತವೆ: ಪ್ರಾರ್ಥನೆ ಫಲಿಸುತ್ತದೆ, ಇಲ್ಲವೇ ನೋವು ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನವಾಗಿಸುತ್ತದೆ. ಪಿಂಟೊ ಎರಡನ್ನೂ ಒಲ್ಲರು. ಎಮ್ ಸಂತಳಾಗುವುದಿಲ್ಲ, ಗುಣವೂ ಆಗುವುದಿಲ್ಲ. ಮಗನ ನಂಬಿಕೆ ಒಮ್ಮೆಲೇ ಮುರಿಯದೆ, ದಿನದಿನವೂ ಇಷ್ಟಿಷ್ಟೇ ಸೋರಿಹೋಗುತ್ತದೆ. ತಾಯಿಯ ಸಂಕಟಕ್ಕೆ ದೇವರಿಂದ ಅವನಿಗೆ ಉತ್ತರ ಸಿಗುವುದಿಲ್ಲ.

ಹಾಗಾದರೆ ಇದು ನಂಬಿಕೆ ಕಳೆದುಕೊಂಡ ಕಾದಂಬರಿಯೇ? ನನಗೆ ಹಾಗನ್ನಿಸುವುದಿಲ್ಲ. 1984ರ ಫೆಬ್ರುವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ನೋವಿನ ಅರ್ಥ ಕುರಿತು ಬರೆದ 'ಸಾಲ್ವಿಫಿಚಿ ದೊಲೋರಿಸ್' ಪತ್ರ, ಯಾತನೆಯನ್ನು ಕ್ರಿಸ್ತನ ಶಿಲುಬೆಯೊಂದಿಗೆ ಜೋಡಿಸುತ್ತದೆ. ಆದರೆ ಅದರ ಕೊನೆಯ ಭಾಗ ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡ ಸಮಾರಿಯದವನ ಬಗ್ಗೆ. ನೋವನ್ನು ಸಹಿಸುವುದಷ್ಟೇ ಅಲ್ಲ, ನೊಂದವರ ಬಳಿ ನಿಲ್ಲುವುದೂ ಧರ್ಮ ಎನ್ನುತ್ತದೆ ಅದು. ಮೊದಲ ಮಾತಿಗೆ ಕಾದಂಬರಿ ತಲೆಯಾಡಿಸುವುದಿಲ್ಲ. ಎರಡನೆಯದನ್ನು ಬದುಕಿ ತೋರಿಸುತ್ತದೆ. ದುಡಿದು, ಆಸ್ಪತ್ರೆಗೆ ಓಡಾಡಿ, ಹೆಂಡತಿಯನ್ನು ಬಿಟ್ಟುಹೋಗದೆ ಉಳಿಯುವ ಬಿಗ್ ಹೂಮ್‌ನಲ್ಲಿ ಉಪದೇಶವಿಲ್ಲ. ಇರುವುದು ನಾಳೆಯೂ ಇದೇ ಕೆಲಸ ಎಂಬ ಒಪ್ಪಿಗೆ.

ಕನ್ನಡದ ಓದುಗರಿಗೆ ಇಲ್ಲಿ ಯಶವಂತ ಚಿತ್ತಾಲರ 'ಶಿಕಾರಿ' ನೆನಪಾಗಬಹುದು. ನಾಗಪ್ಪನ ಮನಸ್ಸನ್ನೂ ಇದೇ ಮುಂಬಯಿ ಬೇಟೆಯಾಡುತ್ತದೆ. ಆದರೆ ನಾಗಪ್ಪ ಒಂಟಿ; ಅವನ ಭಯಕ್ಕೆ ಅವನೊಬ್ಬನೇ ವಾರಸುದಾರ. ಎಮ್‌ಳ ಭಯಕ್ಕೆ ಪಾಲುದಾರರು ನಾಲ್ವರು. ಬಾಗಿಲು ಮುಚ್ಚಿ ಅಳಲೂ ಬೇರೆ ಕೋಣೆಯಿಲ್ಲದಷ್ಟು ಇಕ್ಕಟ್ಟಿನಲ್ಲಿ ಒಬ್ಬರ ಕಾಯಿಲೆ ಎಲ್ಲರದ್ದೂ ಆಗುತ್ತದೆ. ಈ ನಗರದಲ್ಲಿ ಬಾಡಿಗೆಗಿದ್ದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ತಕರಾರು ನನ್ನದಿದೆ. ಬಿಗ್ ಹೂಮ್‌ನ ತಾಳ್ಮೆ ಅತಿಯಾಯಿತು. ಅವನು ಒಳಗೊಳಗೇ ಸಿಡಿದ ರಾತ್ರಿಗಳಿರಲೇಬೇಕು. ಮಗನ ಭಕ್ತಿ ಅವನ್ನು ಮರೆಮಾಡಿದೆ. ದೇವರನ್ನು ಕಳೆದುಕೊಂಡ ಮಗ ತಂದೆಯನ್ನೇ ಆ ಪೀಠದಲ್ಲಿ ಕೂರಿಸಿದನೇನೋ. ಸೂಸನ್ ಕೂಡ ಅಂಚಿನಲ್ಲೇ ಉಳಿಯುತ್ತಾಳೆ. ಮನೆಯಲ್ಲಿ ರೋಗಿಯಿದ್ದಾಗ ಹೆಣ್ಣುಮಗಳ ಪಾಲಿಗೆ ಏನೇನು ಬರುತ್ತದೆಂದು ಬಲ್ಲ ನಮಗೆ ಈ ಮೌನ ಕೊರತೆಯಾಗಿಯೇ ಕಾಣುತ್ತದೆ.

ಆದರೂ ಈ ಪುಸ್ತಕ ನಮಗೆ ಬೇಕು. ಊರಲ್ಲಿರುವ ಅಮ್ಮನಿಗೆ, ಪಕ್ಕದ ಕೋಣೆಯ ಗೆಳೆಯನಿಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ ನಾವು 'ಸ್ವಲ್ಪ ಹುಷಾರಿಲ್ಲ' ಎಂದು ಮುಚ್ಚಿಡುತ್ತೇವೆ. ಹರಕೆಯೂ ಇರಲಿ, ಮಾತ್ರೆಯೂ ಇರಲಿ. ಅವೆರಡೂ ಸೋತ ದಿನ ಆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂರುವವರು ಯಾರು ಎಂದು ಪಿಂಟೊ ಕೇಳುತ್ತಿದ್ದಾರೆ.