‘ಭೂವಿಜ್ಞಾನಿ’: ಒಂದು ಪದದ ಅರ್ಥವಿಚಾರ

‘ಜಿಯಾಲಜಿಸ್ಟ್’ ಎಂಬ ಆಂಗ್ಲ ಶಬ್ದಕ್ಕೆ ಸಂವಾದಿಯಾಗಿ ಕನ್ನಡದಲ್ಲಿ ‘ಭೂಗರ್ಭಶಾಸ್ತ್ರಜ್ಞ’, ‘ಭೂವಿಜ್ಞಾನಿ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಇವನ್ನು ಪರ್ಯಾಯಪದಗಳೆಂದೇ ಭಾವಿಸಿ, ಒಂದೇ ಬರಹದಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಪ್ರಯೋಗಿಸುವುದೂ ಉಂಟು. ಪದಗಳ ರಚನೆಯನ್ನು ಪರಿಶೀಲಿಸಿದರೆ ಇವು ಸೂಚಿಸುವ ಕಾರ್ಯಕ್ಷೇತ್ರಗಳು ಒಂದೇ ಅಲ್ಲವೆಂಬುದು ವಿದಿತವಾಗುತ್ತದೆ. ಈ ಭೇದವು ಕೇವಲ ನಿಘಂಟಿಗೆ ಸಂಬಂಧಿಸಿದುದಲ್ಲವೆಂಬುದಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯೇ ತಕ್ಕ ನಿದರ್ಶನ.

‘ಭೂಗರ್ಭ’ ಎಂದರೆ ಭೂಮಿಯ ಒಡಲು. ಅಲ್ಲಿ ಅಡಗಿರುವುದನ್ನು ಅರಿತವನು ಭೂಗರ್ಭಶಾಸ್ತ್ರಜ್ಞ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂಶೋಧನೆಯ ಇಲಾಖೆ ಸ್ಥಾಪಿತವಾದಾಗ ಕೋಲಾರದ ಚಿನ್ನದ ಗಣಿಗಳು ಆಗಲೇ ಪ್ರಸಿದ್ಧವಾಗಿದ್ದವು. ಅಂದಿನ ನಿರೀಕ್ಷೆಗೆ ಈ ಅರ್ಥ ಒಪ್ಪುವಂತಹುದೇ. 1913ರಲ್ಲಿ ಆ ಇಲಾಖೆಯ ಸಂಪತ್ ಅಯ್ಯಂಗಾರ್ಯರು ಕಳಸದ ಸಮೀಪದ ಕುದುರೆಮುಖ ಶ್ರೇಣಿಯಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. 1976ರಲ್ಲಿ ಅದರ ಗಣಿಗಾರಿಕೆಗೆಂದು ಕಂಪನಿಯೊಂದು ಸ್ಥಾಪಿತವಾಗಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಈ ದೀರ್ಘಕಾಲದಲ್ಲಿ ಮಲೆನಾಡಿನ ಜನರ ಮನಸ್ಸಿನಲ್ಲಿ ಈ ವಿದ್ವಾಂಸನ ಚಿತ್ರ ಅದಿರಿನೊಡನೆ ಬೆರೆತುಹೋದುದರಲ್ಲಿ ಆಶ್ಚರ್ಯವಿಲ್ಲ. ಇಂದು ತೋಟಗಳಲ್ಲಿ ‘ಜಿಯಾಲಜಿಸ್ಟ್’ ಎಂಬ ಮಾತು ಕೇಳಿಬರುವುದು ಬಹುಮಟ್ಟಿಗೆ ಬೋರ್‌ವೆಲ್ಲಿನ ‘ಪಾಯಿಂಟ್’ ಗುರುತಿಸುವ ಸಂದರ್ಭದಲ್ಲಿ. ಲೋಹ ಹೋಗಿ ನೀರು ಬಂದಿದೆ. ಒಡಲಿನಿಂದ ಏನನ್ನಾದರೂ ತೆಗೆದುಕೊಡುವವನು ಎಂಬ ಅರ್ಥ ಮಾತ್ರ ಬದಲಾಗಿಲ್ಲ.

ಈ ಅರ್ಥ ಅಪೂರ್ಣವೆಂಬುದಕ್ಕೆ ಸಾಕ್ಷ್ಯವೂ ಇದೇ ಸೀಮೆಯಲ್ಲಿದೆ. ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯಲ್ಲಿ, ನೀರಿನ ಉರುಳಾಟದಿಂದ ನುಣುಪಾದ ಬೆಣಚುಕಲ್ಲಿನ ಗುಂಡುಗಳು ಬೆಸೆದು ಆದ ಶಿಲೆಯೊಂದು ನೆಲದ ಮೇಲೆಯೇ ಕಾಣುತ್ತದೆ. ಸುಮಾರು 290 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುವ ಬಾಬಾಬುಡನ್ ಶಿಲಾವರ್ಗದ ತಳಭಾಗವಿದು. ಅಷ್ಟು ಪ್ರಾಚೀನಕಾಲದಲ್ಲಿ ಇಲ್ಲಿ ನೀರು ಹರಿದಿತ್ತೆಂಬುದನ್ನು ತಿಳಿಯಲು ಗರ್ಭವನ್ನು ಬಗೆಯಬೇಕಾಗಿಲ್ಲ. ಹೊರಮೈಯನ್ನು ಓದಬಲ್ಲ ಕಣ್ಣು ಸಾಕು. ಅಡಗಿದುದನ್ನು ತೆಗೆಯುವುದಕ್ಕಿಂತ, ನಡೆದುದನ್ನು ಊಹಿಸುವುದೂ ನಡೆಯುತ್ತಿರುವುದನ್ನು ಗ್ರಹಿಸುವುದೂ ಈ ಶಾಸ್ತ್ರದ ಮುಖ್ಯ ಕಾರ್ಯ. ‘ಗರ್ಭ’ ಶಬ್ದಕ್ಕೆ ಈ ವ್ಯಾಪ್ತಿಯಿಲ್ಲ.

‘ಭೂವಿಜ್ಞಾನಿ’ ಎಂಬ ಪದಕ್ಕೆ ಆ ವ್ಯಾಪ್ತಿಯುಂಟು. ‘ಶಾಸ್ತ್ರಜ್ಞ’ ಎಂಬಲ್ಲಿ ಸಿದ್ಧಗೊಂಡ ಶಾಸ್ತ್ರವನ್ನು ಬಲ್ಲವನೆಂಬ ಧ್ವನಿಯಿದ್ದರೆ, ‘ವಿಜ್ಞಾನಿ’ ಎಂಬಲ್ಲಿ ವಿಶೇಷಜ್ಞಾನವನ್ನು ಅರಸುವವರೆಂಬ ಧ್ವನಿಯಿದೆ. ವ್ಯಾಕರಣದ ದೃಷ್ಟಿಯಿಂದಲೂ ‘ಶಾಸ್ತ್ರಜ್ಞ’ ಎಂಬುದಕ್ಕೆ ‘ಶಾಸ್ತ್ರಜ್ಞೆ’ ಎಂಬ ಸ್ತ್ರೀರೂಪ ಬೇಕಾಗುತ್ತದೆ. ‘ವಿಜ್ಞಾನಿ’ ಎಂಬುದು ಕನ್ನಡದಲ್ಲಿ ಉಭಯಲಿಂಗಗಳಿಗೂ ಸಲ್ಲುತ್ತದೆ.

ಆದರೆ ಈ ಪದವೂ ದೋಷಮುಕ್ತವಲ್ಲ. ರಾಜ್ಯದಲ್ಲಿ ‘ಗಣಿ ಮತ್ತು ಭೂವಿಜ್ಞಾನ ಇಲಾಖೆ’ ಎಂಬ ಹೆಸರಿನಿಂದ ಅದು ಗಣಿಯ ನೆರೆಯಲ್ಲಿಯೇ ನಿಂತಿದೆ. ಕೇಂದ್ರದಲ್ಲಿ 2006ರಲ್ಲಿ ರಚಿತವಾದ ‘ಭೂವಿಜ್ಞಾನ ಸಚಿವಾಲಯ’ದ ವ್ಯಾಪ್ತಿಯಲ್ಲಿ ಹವಾಮಾನ, ಸಾಗರ, ಭೂಕಂಪಗಳ ಅಧ್ಯಯನ ಸೇರಿವೆ. ಶಿಲೆಗಳನ್ನೂ ಭೂಕುಸಿತಗಳನ್ನೂ ಸಮೀಕ್ಷಿಸುವ ಕೇಂದ್ರಸಂಸ್ಥೆಯಾದರೋ ಗಣಿ ಸಚಿವಾಲಯದ ಅಧೀನದಲ್ಲಿದೆ. ಒಂದೇ ಶಬ್ದ ಒಂದೆಡೆ ಕಲ್ಲನ್ನೂ ಮತ್ತೊಂದೆಡೆ ಮೋಡವನ್ನೂ ಸೂಚಿಸಿದರೆ ಓದುಗನಿಗೆ ಗೊಂದಲವಾಗದೆ ಇರದು. ಪಾಶ್ಚಾತ್ಯರಲ್ಲಿಯೂ ಈ ಶಬ್ದ ಒಮ್ಮೆಗೇ ನೆಲೆಗೊಳ್ಳಲಿಲ್ಲ: 14ನೆಯ ಶತಮಾನದಲ್ಲಿ ರಿಚರ್ಡ್ ದ ಬರಿ ‘ಜಿಯಾಲಜಿಯಾ’ ಎಂಬುದನ್ನು ದೇವವಿದ್ಯೆಗೆ ಎದುರಾದ ಲೌಕಿಕವಿದ್ಯೆ, ಎಂದರೆ ನ್ಯಾಯಶಾಸ್ತ್ರ, ಎಂಬ ಅರ್ಥದಲ್ಲಿ ಬಳಸಿದ್ದನು. ಇಂದಿನ ಅರ್ಥ ರೂಢಿಗೆ ಬಂದುದು 18ನೆಯ ಶತಮಾನದ ಉತ್ತರಾರ್ಧದಲ್ಲಿ.

ಕಲ್ಲು ಮತ್ತು ಮೋಡ ಎರಡೂ ಒಂದೇ ಶಬ್ದದಲ್ಲಿ ಸೇರಿರುವುದು ದೋಷವೇ ಆದರೂ, ಮಲೆನಾಡಿನ ಮಟ್ಟಿಗೆ ಅದು ಉಪಯುಕ್ತವಾದ ದೋಷ. 2019ರ ಆಗಸ್ಟ್ ತಿಂಗಳ ಮಹಾವೃಷ್ಟಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ನಾಶವಾದವು. ಇಂತಹ ಕುಸಿತ ಕಲ್ಲಿನಿಂದ ಮಾತ್ರವಾಗಲಿ ಮಳೆಯಿಂದ ಮಾತ್ರವಾಗಲಿ ಸಂಭವಿಸುವುದಲ್ಲ. ಶಿಥಿಲಗೊಂಡ ಶಿಲೆಯ ಮೇಲಿನ ದಪ್ಪ ಮಣ್ಣು ನೀರುಂಡು ಭಾರವಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಇಳಿಜಾರಿನ ಬುಡವನ್ನು ಕಡಿದಿದ್ದರೆ, ಹಳ್ಳದ ದಾರಿಯನ್ನು ಕಟ್ಟಿದ್ದರೆ ಅಪಾಯ ಇಮ್ಮಡಿಸುತ್ತದೆ. ಮಲೆನಾಡಿಗರು ಹೀಗೆ ಕಡಿದು ನಿಂತ ಮಣ್ಣಿನ ಗೋಡೆಯನ್ನು ‘ಧರೆ’ ಎನ್ನುತ್ತಾರೆ; ‘ಧರೆ ಜರಿಯಿತು’ ಎಂಬುದು ಮಳೆಗಾಲದ ನಿತ್ಯದ ಮಾತು. ಅದರ ವ್ಯುತ್ಪತ್ತಿ ಏನೇ ಇರಲಿ, ಕಾವ್ಯದಲ್ಲಿ ಸಮಸ್ತ ಭೂಮಿಯನ್ನು ಹೇಳುವ ಶಬ್ದ ಇಲ್ಲಿ ಮನೆಯ ಹಿಂದಣ ಮಣ್ಣಾಗಿ ನಿಂತಿದೆ. ಬಾವಿ ತೋಡುವ ಮೊದಲು ತಜ್ಞನನ್ನು ಕರೆಯುವ ಗೃಹಸ್ಥ, ಧರೆ ಕಡಿಯುವ ಮೊದಲು ಕರೆಯುವುದು ವಿರಳ. ಅದಕ್ಕೆ ಖರ್ಚು, ಅಭ್ಯಾಸ ಮೊದಲಾದ ಕಾರಣಗಳಿರಬಹುದು; ಆ ತಜ್ಞನ ಹೆಸರಿನಲ್ಲಿ ಈ ಕಾರ್ಯ ಧ್ವನಿಸದಿರುವುದೂ ಒಂದು ಕಾರಣವೆಂದು ನನ್ನ ಎಣಿಕೆ.

ಪದವನ್ನು ಬದಲಿಸಿದ ಮಾತ್ರಕ್ಕೆ ಗುಡ್ಡ ನಿಲ್ಲುವುದಿಲ್ಲ, ನಿಜ. ಆದರೂ ಅಧ್ಯಾಪಕರಾದ ನಾವು ‘ಭೂಗರ್ಭಶಾಸ್ತ್ರಜ್ಞ’ ಎಂಬುದನ್ನು ಹಳೆಯ ಗ್ರಂಥಗಳ ಸಂದರ್ಭಕ್ಕೆ ಬಿಟ್ಟು, ‘ಭೂವಿಜ್ಞಾನಿ’ ಎಂಬುದನ್ನು ಸಾಮಾನ್ಯನಾಮವಾಗಿ ಸ್ವೀಕರಿಸುವುದು ಯುಕ್ತ. ವಿಶೇಷಾರ್ಥ ಬೇಕಾದಲ್ಲಿ ‘ಶಿಲಾವಿಜ್ಞಾನಿ’, ‘ಅಂತರ್ಜಲವಿಜ್ಞಾನಿ’ ಎಂದು ವಿವರಿಸಬಹುದು. ಧರೆಯನ್ನು ಓದಬಲ್ಲವರೂ ಭೂವಿಜ್ಞಾನಿಗಳೇ ಎಂಬ ತಿಳಿವಳಿಕೆ ತರಗತಿಯಿಂದ ತೋಟದ ಮನೆಯವರೆಗೆ ಹೋದರೆ, ಪದ ತನ್ನ ಪೂರ್ಣಾರ್ಥವನ್ನು ಪಡೆದಂತಾಗುತ್ತದೆ.